ಅಪ್‌ಡೇಟ್: ಅಮ್ಮನ ಫಿಲ್ಟರ್ ಅಟ್ಟದಿಂದ ಇಳಿಯಿತು

ಸ್ವಂತ ಮನೆ ಆದ ಮೇಲೆ ನೆಮ್ಮದಿಯಾಗಿ ಬದುಕೋಣ ಅಂತ ನವಿ ಮುಂಬೈನ ನೆರೂಳಿನ ಬಾಡಿಗೆ ಮನೆಯಲ್ಲಿ 11 ವರ್ಷ ಕಾದೆ, ಇದು ತಪ್ಪಾ ಅಂತ ಹೋದ ತಿಂಗಳು ಕೇಳಿದ್ದೆ. ಮನೆ ಇನ್ನೂ ಆಗಿಲ್ಲ. ಬಿಲ್ಡರ್ ಈಗ ಮುಂದಿನ ದೀಪಾವಳಿ ಅಂತಿದ್ದಾನೆ, ಬಿಡಿ.

ಆದರೆ ಹೊಸ ಮನೆಗೆ ಅಂತ ಎತ್ತಿಟ್ಟಿದ್ದ ಅಮ್ಮನ ಹಿತ್ತಾಳೆ ಫಿಲ್ಟರ್ ಇಳಿಸಿದೆ. ಸುತ್ತಿದ್ದ ಪೇಪರ್ ಮುಟ್ಟಿದರೆ ಪುಡಿ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಮಾಟುಂಗಾದಿಂದ ಕಾಫಿಪುಡಿ ತಂದೆ. ಮೊದಲ ದಿನ ಡಿಕಾಕ್ಷನ್ ಇಳಿಯಲೇ ಇಲ್ಲ, ಪುಡಿ ಜಾಸ್ತಿ ಒತ್ತಿಬಿಟ್ಟಿದ್ದೆ!

ಸಂಜೆ ಲೋಕಲ್‌ನಲ್ಲಿ ಮಾನ್‌ಖುರ್ದ್ ದಾಟಿದ ಮೇಲೆ ಸೇತುವೆ ಬರುತ್ತದಲ್ವಾ, ಅಲ್ಲಿ ಫೋನ್ ಜೇಬಿಗೆ. ಫ್ಲೆಮಿಂಗೋ ಹಕ್ಕಿ ಬರುವ ಠಾಣೆ ಖಾಡಿ (ಸಮುದ್ರದ ಕೊಲ್ಲಿ) ಇದೇ. ನೀರು ಇಳಿದಾಗ ಕೆಸರು ಮಿನುಗುತ್ತದೆ. ಸುಮ್ನೆ ನೋಡುತ್ತೇನೆ.

ನನ್ನವಳ ಕಣ್ಣು ಈಗ ಅಟ್ಟದ ಉಳಿದೆರಡು ಪೆಟ್ಟಿಗೆ ಮೇಲಿದೆ.