ಮ್ಯಾನೇಜ್‌ಮೆಂಟ್ ಸೈನ್ಸ್ ಓದಿದರೆ ಯಾವ ಕೆಲಸ ಸಿಗುತ್ತೆ?

ಲೆಕ್ಕದಹುಳು:
ಗಣಿತ ಚೆನ್ನಾಗಿ ಬರುತ್ತೆ, ಆದರೆ ಡಿಗ್ರಿಗೆ ಶುದ್ಧ ಗಣಿತವನ್ನೇ ಓದೋ ಮನಸ್ಸಿಲ್ಲ. ಮ್ಯಾನೇಜ್‌ಮೆಂಟ್ ಸೈನ್ಸ್ ತಗೋಬಹುದಾ? ಒಳಗೆ ಏನಿರುತ್ತೆ, ಕೆಲಸ ಎಲ್ಲಿ, ಓದೋರು ಎಲ್ಲಿ ಎಡವುತ್ತಾರೆ? ಗೊತ್ತಿರೋರು ಹೇಳಿ.

ಸರತಿಸಾಲು:
ಹೆಸರು ನೋಡಿ ಮೋಸ ಹೋಗಬೇಡಿ. ಸಂಸ್ಥೆಗಳ ನಿರ್ಧಾರಗಳನ್ನ ಗಣಿತದ ಮಾದರಿ ಕಟ್ಟಿ ಲೆಕ್ಕ ಹಾಕೋ ವಿಷಯ ಇದು. ಮಾರ್ಕೆಟಿಂಗ್, ಎಚ್‌ಆರ್ ಎಲ್ಲ ಇದರಲ್ಲಿ ಉಪ್ಪಿನಕಾಯಿಯಷ್ಟು. ಮೊದಲು ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಸಂಖ್ಯಾಶಾಸ್ತ್ರ. ಆಮೇಲೆ ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಮಿತಿಗಳೊಳಗೇ ಅತ್ಯುತ್ತಮ ಉತ್ತರ ಹುಡುಕೋದು (ಗಣಿತಜ್ಞ ಡಾಂಟ್ಸಿಗ್ 1947ರಲ್ಲಿ ಕಂಡುಹಿಡಿದ ಸಿಂಪ್ಲೆಕ್ಸ್ ವಿಧಾನ ಇಲ್ಲೇ ಬರೋದು), ದಾಸ್ತಾನು, ಸಿಮ್ಯುಲೇಶನ್, ಕ್ಯೂಯಿಂಗ್ (ಸರತಿ ಸಾಲುಗಳ ಲೆಕ್ಕ).

ಕ್ಯೂಯಿಂಗ್‌ದು ಒಂದು ಲೆಕ್ಕ ನೋಡಿ. ಒಂದೇ ಕೌಂಟರ್, ಗಂಟೆಗೆ 12 ಜನರ ಕೆಲಸ ಮುಗಿಸಬಲ್ಲದು. ಗಂಟೆಗೆ ಸರಾಸರಿ 10 ಜನ ಬಂದರೆ ಒಬ್ಬೊಬ್ಬರು ಒಳಗೆ ಬಂದು ಹೊರಡೋಕೆ ಸರಾಸರಿ 30 ನಿಮಿಷ. 11 ಜನ ಬಂದರೆ 60 ನಿಮಿಷ! ಬರೋ ಹೊತ್ತು, ಕೆಲಸಕ್ಕೆ ಹಿಡಿಯೋ ಹೊತ್ತು ಎರಡೂ ಏರುಪೇರಾಗೋ ಎಂ/ಎಂ/1 ಮಾದರಿ ಇದು. "ಇನ್ನೂ ಒಬ್ಬರಿಗೆ ಜಾಗ ಇದೆಯಲ್ಲ" ಅನ್ನೋ ಮ್ಯಾನೇಜರಿಗೆ ಇದನ್ನ ಅರ್ಥ ಮಾಡಿಸೋದೂ ನಿಮ್ಮ ಕೆಲಸವೇ.

ಗೋದಾಮು:
'ಮ್ಯಾನೇಜ್‌ಮೆಂಟ್ ಸೈಂಟಿಸ್ಟ್' ಅಂತ ಹುಡುಕಿದರೆ ಹೆಚ್ಚೇನೂ ಸಿಗಲ್ಲ. ಸಪ್ಲೈ ಚೈನ್ ಪ್ಲಾನರ್, ಡಿಮಾಂಡ್ ಪ್ಲಾನರ್, ಆಪರೇಷನ್ಸ್ ರಿಸರ್ಚ್ ಅನಲಿಸ್ಟ್, ವಿಮಾನ ಕಂಪನಿ ಮತ್ತು ಹೋಟೆಲ್‌ಗಳಲ್ಲಿ ರೆವಿನ್ಯೂ ಮ್ಯಾನೇಜ್‌ಮೆಂಟ್ (ಬೇಡಿಕೆ ನೋಡಿ ದರ ಗೊತ್ತುಮಾಡೋದು), ಕಾಲ್ ಸೆಂಟರ್‌ಗಳಲ್ಲಿ ವರ್ಕ್‌ಫೋರ್ಸ್ ಪ್ಲಾನಿಂಗ್ ಅಂತ ಹುಡುಕಿ. ಬರೀ 'ಅನಲಿಸ್ಟ್' ಅಂತಿದ್ದರೆ ಜಾಹೀರಾತು ಪೂರ್ತಿ ಓದಿ. ಎಷ್ಟೋ ಕಡೆ ಅದು ಡ್ಯಾಶ್‌ಬೋರ್ಡ್ ಮಾಡೋ ಕೆಲಸ ಅಷ್ಟೇ.

ಎಡವೋದು ಮಾದರಿ ಕಟ್ಟುವಾಗ. ಉದಾಹರಣೆಗೆ, ಗೋದಾಮು ತೆರೆದಿದ್ದರೆ ಮಾತ್ರ ಸರಕು ಹೋಗಲಿ ಅನ್ನೋಕೆ 'ಸರಕು ≤ ದೊಡ್ಡ ಸಂಖ್ಯೆ × (0 ಅಥವಾ 1)' ಅಂತ ಬರೀತೀವಿ; ಮುಚ್ಚಿದ್ದರೆ 0, ತೆರೆದಿದ್ದರೆ 1. ಸೋಮಾರಿತನಕ್ಕೆ ಅಲ್ಲಿ 10,00,000 ಹಾಕಿದಿರಿ ಅನ್ನಿ. ಗುರೋಬಿಯಂಥ ಸಾಲ್ವರ್ (ಇಂಥ ಮಾದರಿಗೆ ಉತ್ತರ ಹುಡುಕೋ ಸಾಫ್ಟ್‌ವೇರ್) ಆ 0 ಬದಲು 0.00001 ಇದ್ದರೂ ಸೊನ್ನೆ ಅಂತಲೇ ಒಪ್ಪಿಕೊಳ್ಳುತ್ತೆ. ಹಾಗಾಗಿ ಮುಚ್ಚಿದ ಗೋದಾಮಿನಿಂದ 10,00,000 × 0.00001, ಅಂದರೆ 10 ಮೂಟೆ ನುಸುಳಬಹುದು. ಆ ಗೋದಾಮಿನ ನಿಜವಾದ ಸಾಮರ್ಥ್ಯ 800 ಆದರೆ 800 ಅಂತಲೇ ಹಾಕಿ.

ಲೆಕ್ಕದಹುಳು:
ಧನ್ಯವಾದ. ಕೋಡಿಂಗ್ ಎಷ್ಟು ಬೇಕು? ಸೇರೋ ಮೊದಲೇ ಏನಾದರೂ ಮಾಡಿ ನೋಡಬಹುದಾ?

ಸರತಿಸಾಲು:
ಪೈಥಾನ್, ಎಸ್‌ಕ್ಯೂಎಲ್ ಕಲಿತಿರಿ. ಎಕ್ಸೆಲ್ ಜೊತೆ ಬರೋ ಸಾಲ್ವರ್ 200 ಚರ (ಬೆಲೆ ಕಂಡುಹಿಡಿಯಬೇಕಾದ ಅಂಶ) ದಾಟಿದರೆ ಕೈಚೆಲ್ಲುತ್ತೆ, ಆದರೆ ಶುರುವಿಗೆ ಸಾಕು.

ಇದನ್ನ ಮಾಡಿ ನೋಡಿ: ಸೋಮವಾರದಿಂದ ಶುಕ್ರವಾರ ದಿನಕ್ಕೆ 6 ಜನ ಬೇಕು, ಶನಿವಾರ, ಭಾನುವಾರ 9. ಪ್ರತಿಯೊಬ್ಬರಿಗೂ ವಾರಕ್ಕೆ ಒಂದರ ಹಿಂದೊಂದು 2 ದಿನ ರಜೆ, ಉಳಿದ 5 ದಿನ ಕೆಲಸ. ಕನಿಷ್ಠ ಎಷ್ಟು ಜನ? ಒಟ್ಟು 48 ಪಾಳಿ, ಐದರಿಂದ ಭಾಗಿಸಿದರೆ 9.6. ಉತ್ತರ 10 ಬರುತ್ತೆ.

ಈಗ ಶನಿವಾರಕ್ಕೆ ಮಾತ್ರ 10 ಮಾಡಿ. ಭಾಗಾಕಾರ 9.8, ಆದರೂ 11 ಜನ ಬೇಕು. ಕಾರಣ: 10 ಜನರೇ ಇದ್ದರೆ ಶನಿವಾರ ಯಾರಿಗೂ ರಜೆ ಇಲ್ಲ, ಹಾಗಾಗಿ ಪ್ರತಿಯೊಬ್ಬರ ರಜೆಯಲ್ಲೂ ಮಂಗಳವಾರ, ಗುರುವಾರ, ಭಾನುವಾರಗಳಲ್ಲಿ ಒಂದು ಇರಲೇಬೇಕು. ಆ ದಿನಗಳಲ್ಲಿ ಬಿಡಬಹುದಾದವರು 4, 4, 1. ಕೂಡಿದರೆ 9, ಹತ್ತನೆಯವರಿಗೆ ರಜೆ ಸಿಗಲ್ಲ.