ಕೊಟೇಶನ್ ಮೇಲ್ ಎಲ್ಲಾ ಸ್ಪ್ಯಾಮ್‌ಗೆ ಬೀಳುತ್ತಿದೆ, ಏನು ಮಾಡೋದು?

ಮಂಡ್ಯ ಬೆಲ್ಲ:
ನಮ್ಮದು ಬೆಲ್ಲದ ವ್ಯಾಪಾರ. ಹೋದ ತಿಂಗಳು ಸ್ವಂತ ಡೊಮೇನ್ ತೆಗೆದುಕೊಂಡೆ, ಅವತ್ತಿನಿಂದ ಕಳಿಸಿದ ಮೇಲ್ ಎಲ್ಲಾ ಸ್ಪ್ಯಾಮ್‌ಗೆ. ಮೊನ್ನೆ ಬೆಂಗಳೂರಿನ ಗಿರಾಕಿ ಒಬ್ಬರು ಫೋನ್ ಮಾಡಿ "ರೇಟ್ ಕಳಿಸಲೇ ಇಲ್ಲವಲ್ಲ, ಬೇರೆ ಕಡೆ ತೆಗೆದುಕೊಂಡೆ" ಅಂದರು. ನಾನು ಕಳಿಸಿ ನಾಲ್ಕು ದಿನ ಆಗಿತ್ತು. ತುಂಬಾ ಬೇಜಾರಾಯಿತು.

ಮೈಸೂರು ವೆಬ್:
ಅಣ್ಣಾ, ಮೊದಲು ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಅದನ್ನು ತೆರೆದು ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ನೋಡಿ. ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ), ಡಿಕಿಮ್ (ಮೇಲ್ ನಿಮ್ಮ ಡೊಮೇನ್‌ನದೇ ಅಂತ ತೋರಿಸುವ ಡಿಜಿಟಲ್ ಸಹಿ) ಎರಡರ ಮುಂದೂ 'ಪಾಸ್' ಅಂತ ಇರಬೇಕು. ಇಲ್ಲದಿದ್ದರೆ ಡೊಮೇನ್‌ನ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ (ಡೊಮೇನ್‌ನ ಇಂಥ ರೆಕಾರ್ಡ್‌ಗಳನ್ನೆಲ್ಲಾ ಇಡುವ ಜಾಗ) ಸರಿಮಾಡಿ. ಎಸ್‌ಪಿಎಫ್ ರೆಕಾರ್ಡ್ ಒಂದೇ ಇರಬೇಕು, ಎರಡಿದ್ದರೆ ಚೆಕ್ ಫೇಲ್ ಆಗುತ್ತದೆ. ಆಮೇಲೆ ಡಿಮಾರ್ಕ್ (ಈ ಚೆಕ್‌ನಲ್ಲಿ ಫೇಲ್ ಆದ ಮೇಲ್ ಏನು ಮಾಡಬೇಕು ಅಂತ ಹೇಳುವ ರೆಕಾರ್ಡ್) ಹಾಕಿ.

ಕುವೆಂಪುನಗರ:
ಡೊಮೇನ್ ಹೊಸದು ಅಲ್ವಾ, ಒಂದೇ ದಿನ ನೂರಾರು ಜನಕ್ಕೆ ಕಳಿಸಬೇಡಿ. ದುಡ್ಡು ಕೊಟ್ಟು ತಂದ ಲಿಸ್ಟ್ ಅಂತೂ ಮುಟ್ಟಲೇಬೇಡಿ. 2024ರ ಫೆಬ್ರವರಿಯಿಂದ ಗೂಗಲ್ ಬಿಗಿ ಮಾಡಿದೆ, ಜನ ಸ್ಪ್ಯಾಮ್ ಅಂತ ಒತ್ತುವುದು 0.3% ಮುಟ್ಟಬಾರದು.

ಮಂಡ್ಯ ಬೆಲ್ಲ:
ನೋಡಿದೆ, ಎಸ್‌ಪಿಎಫ್ ಎರಡು ಇದ್ದವು! ಹಳೆಯದನ್ನು ತೆಗೆದೆ, ಈಗ ಪಾಸ್ ತೋರಿಸುತ್ತಿದೆ. ಡಿಮಾರ್ಕ್ ಇವತ್ತು ರಾತ್ರಿ ಕೂತು ಮಾಡುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.