ಅಪ್‌ಡೇಟ್: ಗುರುಗಳ ಹಳೆಯ ಬೈಕ್ ಈಗ ಬಿಸಿಯಾದಾಗಲೂ ಸ್ಟಾರ್ಟ್ ಆಗುತ್ತಿದೆ

ಹಳೆಯ ಮೋಟಾರ್‌ಸೈಕಲ್‌ಗಳನ್ನು ಮತ್ತೆ ಓಡುವಂತೆ ಮಾಡುವುದನ್ನು ನನಗೆ ಕಲಿಸಿದ ಹಿರಿಯರು ತೀರಿಕೊಂಡ ಮೇಲೆ, ಅವರು ಅರ್ಧಕ್ಕೆ ಬಿಟ್ಟಿದ್ದ 1950ರ ದಶಕದ ಸಿಂಗಲ್ ಸಿಲಿಂಡರ್ ಬೈಕ್ ತಣ್ಣಗಿದ್ದಾಗ ಒಂದೇ ಕಿಕ್‌ಗೆ ಸ್ಟಾರ್ಟ್ ಆಗಿ, ಬಿಸಿಯಾದೊಡನೆ ನಿಂತುಹೋಗುತ್ತದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಕಾರ್ಬ್ಯುರೇಟರ್ ಜೆಟ್ ಶುಚಿಗೊಳಿಸಿದ್ದರಿಂದಾಗಲಿ, ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಬಿಡಿಸಿದ್ದರಿಂದಾಗಲಿ ಪ್ರಯೋಜನವಾಗಲಿಲ್ಲ; ಹೊಸ ಸ್ಪಾರ್ಕ್ ಪ್ಲಗ್ ಅಂತೂ ದಂಡ.

ಮ್ಯಾಗ್ನೆಟೋದ (ಅಯಸ್ಕಾಂತದ ನೆರವಿನಿಂದ ಪ್ಲಗ್‌ಗೆ ಕಿಡಿಯ ವಿದ್ಯುತ್ ಹುಟ್ಟಿಸುವ ಸಾಧನ) ಕಂಡೆನ್ಸರ್, ಅಂದರೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಬಿಡಿಭಾಗ, ನೋಡಿ ಎಂದವರ ಮಾತೇ ನಿಜವಾಯಿತು. ಅದು ಆರ್ಮೇಚರ್ (ಮ್ಯಾಗ್ನೆಟೋದಲ್ಲಿ ತಿರುಗುವ ತಂತಿಸುರುಳಿಯ ಭಾಗ) ಒಳಗೇ ಹುದುಗಿರುವುದರಿಂದ ಇಡೀ ಆರ್ಮೇಚರನ್ನು ಹೊರತೆಗೆಯಬೇಕಾಯಿತು. ಕಂಡೆನ್ಸರ್‌ನ ಹಳೆಯ ನಿರೋಧಕ ಪದರ ಬಿಸಿಯಾದಾಗ ವಿದ್ಯುತ್ ಸೋರಿ, ಕಿಡಿ ಸೊರಗುತ್ತಿತ್ತು. ಹೊಸದನ್ನು ಕೂರಿಸಿ, ಪಾಯಿಂಟ್‌ಗಳ (ಕಿಡಿಗಾಗಿ ವಿದ್ಯುತ್ ಸಂಪರ್ಕ ಕಡಿಯುವ ತುದಿಗಳು) ಅಂತರವನ್ನು 0.012 ಇಂಚಿಗೆ ಹೊಂದಿಸಿದ ಮೇಲೆ, ದೂರ ಓಡಿಸಿ ನಿಲ್ಲಿಸಿದರೂ ಮೊದಲ ಕಿಕ್‌ಗೇ ಎಂಜಿನ್ ಓಗೊಡುತ್ತದೆ.

ಅಚ್ಚರಿಯೆಂದರೆ, ಗುರುಗಳ ಡಬ್ಬಿಯಲ್ಲಿ ಏಕಿದೆಯೆಂದು ತಿಳಿಯದೆ ಬದಿಗಿಟ್ಟಿದ್ದ ಬಾಗಿದ ಕಬ್ಬಿಣದ ತುಂಡು ಇದೇ ಕೆಲಸದ್ದು: ಆರ್ಮೇಚರ್ ಹೊರಬಂದಾಗ ಹಳೆಯ ಅಯಸ್ಕಾಂತದ ಬಲ ಕುಂದದಂತೆ ಅದರ ಎರಡು ಧ್ರುವಗಳಿಗೆ ಅಡ್ಡಲಾಗಿ ಇಡುವ ಕೀಪರ್. ಕೇಳಿದವರಿಗೆಲ್ಲ ಬಿಡಿಭಾಗಗಳನ್ನು ಬಿಟ್ಟಿಯಾಗಿ ಕೊಟ್ಟುಬಿಡುತ್ತಿದ್ದ ಅವರು (ಮನೆಯವರು ಗೊಣಗುತ್ತಿದ್ದರು!) ಇದನ್ನು ಮಾತ್ರ ಎರವಲು ಕೊಟ್ಟು ವಾಪಸು ಕೇಳುತ್ತಿದ್ದರಂತೆ. ಮ್ಯಾಗ್ನೆಟೋ ಬಿಚ್ಚುವವರು ತಿಳಿಸಿದರೆ ನಾನೂ ಅದೇ ಷರತ್ತಿನ ಮೇಲೆ ಕಳುಹಿಸುತ್ತೇನೆ.